ಸೋರುವ ಜಾಗ

ಯೂಮಾದಲ್ಲಿ ಜುಲೈ. ಹೊತ್ತು ಮುಳುಗಿ ಎರಡು ತಾಸಾದರೂ
ಸ್ಟೀರಿಂಗು ಇನ್ನೂ ಬಾಣಲೆಯ ಹಿಡಿ.
ಅತ್ತೆ ಎರ್ಲಿಂಡಾಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್,
ಹೋಗಿಬರಲು ನಲವತ್ತು ಮೈಲಿ.
ಒದ್ದೆ ಟವೆಲ್ಲು ತಲೆಗೆ ಸುತ್ತಿ ಕೂರುತ್ತಾಳೆ,
ದೂರುವುದಿಲ್ಲ. ಅದೇ ಕಷ್ಟ.

ಗ್ಯಾರೇಜಿನವನು ಒಂಬೈನೂರು ಡಾಲರ್ ಅಂದಿದ್ದ.
ಮೇ ತಿಂಗಳಲ್ಲಿ ನಾನೇ ಒಂದು ಡಬ್ಬಿ ಗ್ಯಾಸು ತಂದೆ.
ದಪ್ಪ ಪೈಪಿನ ಮುಚ್ಚಳ ತಿರುಚಿ, ಹೋಸು ಸಿಕ್ಕಿಸಿ,
ಮೀಟರಿನ ಮುಳ್ಳು ಹಸಿರು ಪಟ್ಟೆಗೆ ಬರುವ ತನಕ
ಡಬ್ಬಿ ಅಲುಗಿಸುತ್ತ ನಿಂತೆ.
ಅಂಗೈ ಮರಗಟ್ಟಿತು. ಕಂಪ್ರೆಸರು ಟಕ್ಕೆಂದು ಹಿಡಿಯಿತು.
ಹನ್ನೊಂದು ದಿನ ಮನೆಗೆ ನಾನೇ ದೊಡ್ಡ ಮನುಷ್ಯ.
ಹನ್ನೆರಡನೆಯ ದಿನ ಕಿಂಡಿಗಳಿಂದ ಬಂದದ್ದು
ಯಾರೋ ನಿದ್ದೆಯಲ್ಲಿ ಬಿಟ್ಟಂಥ ಬಿಸಿ ಉಸಿರು.

"ತೂತು ಹುಡುಕದೆ ತುಂಬಿಸೋನ ಹತ್ತಿರ
ದುಡ್ಡು ಜಾಸ್ತಿ ಇರಬೇಕು," ಅಂದ ಪಕ್ಕದ ಮನೆಯ ಕ್ಲೀಟಸ್,
ಲೆಟಿಸ್ ಲಾರಿಗಳ ಶೀತಪೆಟ್ಟಿಗೆ ರಿಪೇರಿ ಮಾಡಿ ಸವೆದವನು.
ನೇರಳೆ ದೀಪ ಕೊಟ್ಟ, ಹಳದಿ ಕನ್ನಡಕ ಕೊಟ್ಟ,
ಬುದ್ಧಿವಾದ ಕೊಟ್ಟ, ಕೇಳದಿದ್ದುದನ್ನೂ.

ಇವತ್ತು ರಾತ್ರಿ ಬಾನೆಟ್ಟಿನೊಳಗೆ ಬಗ್ಗಿದ್ದೇನೆ.
ಡಬ್ಬಿಯಲ್ಲಿ ಬಣ್ಣವೂ ಇತ್ತಂತೆ,
ಗ್ಯಾಸು ಓಡಿಹೋದ ದಾರಿಯಲ್ಲಿ ಹೆಜ್ಜೆ ಉಳಿದಿರುತ್ತದಂತೆ.
ಹೋಸು, ಕಂಡೆನ್ಸರು, ಬೆಸುಗೆ, ಎಲ್ಲ ಕತ್ತಲೆ,
ಎಲ್ಲ ಸಾಚಾ.
ಕೊನೆಗೆ, ಕೆಳಗೆ, ಮುಂದಿನ ಗಾಲಿಯ ಮರೆಯಲ್ಲಿ
ಹಸಿರು!
ಸಿಕ್ಕಿತು ಅಂತ ಕೈ ಚಾಚಿದೆ.
ಹಸಿರು ಕೊಂಡಿ ಎತ್ತಿತು.

ಚೇಳು. ಈ ದೀಪಕ್ಕೆ ಚೇಳೂ ಹೀಗೇ ಹೊಳೆಯುತ್ತದೆ,
ಕ್ಲೀಟಸ್ ಅದೊಂದು ಮಾತ್ರ ಹೇಳಿರಲಿಲ್ಲ.

ನನ್ನ ಕೂಗಿಗೆ ಎರ್ಲಿಂಡಾ ಕಾಫಿ ಡಬ್ಬಿ ಹಿಡಿದು ಬಂದಳು,
ಮುಚ್ಚಿದಳು, ಅಡಿಗೊಂದು ರಟ್ಟು ತೂರಿಸಿದಳು,
ಬೇಲಿಯಾಚೆ, ಕ್ಲೀಟಸ್‌ನ ಅಂಗಳಕ್ಕೆ ಕೊಡವಿದಳು.
ಆಮೇಲೆ ದೀಪ ಕಿತ್ತುಕೊಂಡು
ಬಗ್ಗಿ ನೋಡಿದಳು, ಬಹಳ ಹೊತ್ತು.
"ಇಲ್ಲಿ. ಇದೂ ಹೊಳೀತಿದೆ, ಆದರೆ ಓಡ್ತಿಲ್ಲ."
ಎರಡು ಪೈಪು ಕೂಡುವಲ್ಲಿ ಸಾಸಿವೆಯಷ್ಟು ಬೆಳಕು.
"ನಂಗೂ ಸೂಜಿ ಕಿತ್ತ ಮೇಲೆ
ಹತ್ತು ನಿಮಿಷ ಒತ್ತಿ ಹಿಡೀತಾರೆ," ಅಂದಳು
ಉಬ್ಬಿದ ತೋಳನ್ನು ದೀಪಕ್ಕೊಡ್ಡಿ.
ಅಲ್ಲೇನೂ ಹೊಳೆಯಲಿಲ್ಲ.

ಒಂದು ರಬ್ಬರು ಬಳೆ, ನಲವತ್ತು ಸೆಂಟು.
ಕ್ಲೀಟಸ್‌ನ ಪಂಪು ಒಳಗಿನ ಗಾಳಿಯನ್ನೆಲ್ಲ ಹೀರಿತು,
ಅರ್ಧ ಗಂಟೆ ಮುಳ್ಳು ಕದಲಲಿಲ್ಲ, ನಾನೂ.
ಮತ್ತೆ ಡಬ್ಬಿ, ಮತ್ತೆ ಮರಗಟ್ಟುವ ಕೈ, ಮತ್ತೆ ಟಕ್ಕೆಂಬ ಸದ್ದು.

ನಾಳೆ ಮಂಗಳವಾರ.
ಮುಂದಿನ ಸೀಟಿನಲ್ಲಿ ಕೂತು ನೋಡಿದಳು,
ಕಿಂಡಿಗೆ ಮುಖವೊಡ್ಡಿ, ಕಣ್ಣು ಮುಚ್ಚಿ.
ಇಳಿಯುವಾಗ ಅಂದಳು:
ಟವೆಲ್ಲು ಹೇಗೂ ಇರಲಿ.