ಚರೆ

ಹಳೇ ಕಬ್ಬಿಣದ ಚಿಲಕವನ್ನು ಕೆಂಡದಲ್ಲಿ ಕಾಯಿಸಿ
ಅತ್ತೆ ಪಾತ್ರೆಗೆ ಬಿಡುತ್ತಿದ್ದಳು. ಚುಂಯ್!
ಅಕ್ರೋಟಿನ ಕಂದು ಗೊಜ್ಜು
ನೋಡುನೋಡುತ್ತ ಕಾಡಿಗೆ ಬಣ್ಣಕ್ಕೆ ತಿರುಗುತ್ತಿತ್ತು.
ನಮ್ಮ ರಶ್ತಿನಲ್ಲಿ ಫೆಸೆಂಜಾನ್ ಅಂದರೆ ಇದು, ಅನ್ನುವಳು,
ನನ್ನ ಕಡೆ ತಿರುಗದೆ.

ನಾನು ಇಸ್ಫಹಾನಿನವಳು.
ದಾಳಿಂಬೆ ಹುಳಿಗೆ ಹಿಡಿ ಸಕ್ಕರೆ ಬೀಳದಿದ್ದರೆ
ಅದು ಅಡುಗೆಯಲ್ಲ, ಜಗಳ ಎಂದು ಕಲಿತು ಬಂದವಳು.
ಬಾತುಕೋಳಿಯ ಕೊಬ್ಬು ನಾಲಗೆಗೆ ಮೆತ್ತಿಕೊಳ್ಳುವ ಜಾತಿ.
ಹುಳಿ ಅದನ್ನು ಉಜ್ಜಿ ತೊಳೆಯುತ್ತದೆ, ನಿಜ.
ಸಿಹಿಯಾದರೋ ಪಕ್ಕದಲ್ಲಿ ಕೂತು
ಸಮಾಧಾನ ಹೇಳಿ ಕಳಿಸುತ್ತದೆ.
ಇಷ್ಟು ಹೇಳಿದ್ದಕ್ಕೆ ಮಾಹ್‌ರುಖ್ ಖಾನುಮ್
ಮೂರು ದಿನ ಮಾತು ಬಿಟ್ಟಳು.

ತೀರ್ಪು ಕೊಡುತ್ತಿದ್ದದ್ದು ಚರೆ.
ಮಾವ ಅಂಜಲಿಯ ಜೌಗಿನಲ್ಲಿ
ದೋಣಿಯೊಳಗೆ ಅಂಗಾತ ಮಲಗಿ ಹೊಡೆದು ತಂದ ಹಕ್ಕಿ;
ಎಷ್ಟು ಹುಡುಕಿ ಕಿತ್ತರೂ ಒಂದು ಸೀಸದ ಕಾಳು
ಮಾಂಸದೊಳಗೆ ಅವಿತೇ ಇರುತ್ತಿತ್ತು.
ಯಾರ ಹಲ್ಲಿಗೆ ಸಿಕ್ಕಿತೋ
ಮುಂದಿನ ಶುಕ್ರವಾರದ ಪಾತ್ರೆಗೆ ಅವರದೇ ಮಾತು.

ಟಣ್ ಎಂದು ತಟ್ಟೆಗೆ ಉಗಿದು ಬಹ್ರಾಮ್ ಒಮ್ಮೆ
ಸಕ್ಕರೆ ಅಂದ.
ತಾಯಿಯ ಮುಖ ನೋಡಿ, ಅರ್ಧ ಚಮಚ ಅಂದ.
ಆರು ವರ್ಷದ ಮಗಳು ಒಮ್ಮೆ
ಕಿತ್ತಳೆ ಸಿಪ್ಪೆ ಬೇಕೆಂದು ಹಟ ಹಿಡಿದಳು.
ಹೆಚ್ಚಿ ಹಾಕಿದೆವು, ಅತ್ತೆ ಸೊಸೆ ಒಂದಾಗಿ ಬೈದೆವು,
ಎರಡೆರಡು ಸಲ ಬಡಿಸಿಕೊಂಡೆವು.
ಒಂದು ಚಳಿಗಾಲ ಅತ್ತೆಯ ಹಲ್ಲೇ ಮುರಿಯಿತು.
ಹಲ್ಲನ್ನೂ ಚರೆಯನ್ನೂ ಅಂಗೈಯಲ್ಲಿಟ್ಟು ತೋರಿಸಿ
ನನ್ನವು ಎರಡು ಓಟು, ಎಂದಳು.

ಈಗ ಅಂಜಲಿಯಲ್ಲಿ ಬೊಗಸೆ ನೀರು.
ಮಾವನಿಲ್ಲ. ಕೋವಿ, ಹೊಲಿಗೆ ಯಂತ್ರದ ಹಿಂದೆ.
ಪೇಟೆಯಿಂದ ತಂದ ಸಾಕು ಬಾತು,
ತೊಳೆದು ಪೊಟ್ಟಣ ಕಟ್ಟಿದ್ದು, ಎಷ್ಟು ಮೆತ್ತಗೆ!
ಜಗಿದಷ್ಟೂ ಎಲ್ಲೂ ತಡೆಯುವುದಿಲ್ಲ.
ಚಿಲಕ ಕಾಯಿಸುವವಳು ನಾನೇ.
ಏನು ಹಾಕಿದೆ, ಎಂದು ಅತ್ತೆ ಕೇಳುವುದಿಲ್ಲ;
ಕೇಳದಿರುವುದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಿನ್ನೆ ಸಕ್ಕರೆ ಡಬ್ಬಿ ತೆರೆದೆ, ಮುಚ್ಚಿದೆ.
ಗುಂಡಿಗಳ ಪೆಟ್ಟಿಗೆಯಲ್ಲಿ ಒಂದು ಕಾಳು ಉಳಿದಿತ್ತು.
ತೊಳೆದು, ಅವಳ ತಟ್ಟೆಯ ಮೃದುವಾದ ತುಂಡಿನಲ್ಲಿ ಹುದುಗಿಸಿ
ಎದುರಿಗೇ ಕಾದು ಕೂತೆ.

ಬಾಯಿ ನಿಂತಿತು.
ಉಗಿಯಮ್ಮ, ಎಂದು ಅಂಗೈ ಒಡ್ಡಿದೆ.
ಕಾಳನ್ನು ನಾಲಗೆಯ ಮೇಲೆ ಆ ಕಡೆ ಈ ಕಡೆ ಹೊರಳಿಸಿ
ನನ್ನ ಕೈಗೆ ಉದುರಿಸಿದಳು.

ಇದು ಹಳೇದು, ಅಂದಳು.
ಲೆಕ್ಕಕ್ಕಿಲ್ಲ.