ಅರ್ಥ ಎಂಬ ಕಾಲಂ

ಡಂಡೀಯಲ್ಲಿ ಡಿಸೆಂಬರಿನ ರಾತ್ರಿ
ಮಧ್ಯಾಹ್ನ ಮೂರೂವರೆಗೇ ಪಾಳಿಗೆ ಬರುತ್ತದೆ.
ನಾನು ಹತ್ತಕ್ಕೆ ಬರುತ್ತೇನೆ.
ಹಳೆಯ ಸೆಣಬಿನ ಗಿರಣಿ, ಮೂರನೆಯ ಮಹಡಿ, ಹದಿನಾಲ್ಕು ಕುರ್ಚಿ.
ಆಟದೊಳಗೆ ಯಾರು ಯಾರಿಗೆ ಏನಂದರು
ಓದುವುದು ನಮ್ಮ ಕೆಲಸ.
ಒಂದು ದೂರಿಗೆ ತೊಂಬತ್ತು ಸೆಕೆಂಡು.

ಕೊಲ್ಲುತ್ತೇನೆ ಅಂದವನಿಗೆ ಮೂವತ್ತು ದಿನ ಹೊರಗೆ.
ಮನೆ ಗೊತ್ತು ಅಂದವನು ಶಾಶ್ವತ ಹೊರಗೆ.
ಬರೀ ಹಿಂದೆ ಹಿಂದೆ ನಡೆದವನಿಗೆ ಏನೂ ಇಲ್ಲ,
ನಡೆಯುವುದು ಆಟದ ನಿಯಮದಲ್ಲೇ ಇದೆ.

ನೀಲ್, ಇಲ್ಲಿ ಬಾ, ಅಂದ ಫ್ರೇಜರ್.
ನೀಲಾಂಬಿಕೆ ಅವನ ಬಾಯಲ್ಲಿ ಮೊದಲ ವಾರವೇ ಸವೆದುಹೋಗಿದ್ದಳು.
ಇದು ಯಾವ ಭಾಷೆಯೋ, ಯಂತ್ರ ಕೈಚೆಲ್ಲಿದೆ.

ಇಂಗ್ಲಿಷ್ ಅಕ್ಷರದ ಅಂಗಿ ತೊಟ್ಟು ಬಿದ್ದುಕೊಂಡಿತ್ತು
ನನ್ನ ಕನ್ನಡ.
ಅಕ್ಕನ ಫೋನಿನ ಕನ್ನಡ ಬರೀ ಉಂಡೆಯಾ, ಹುಷಾರಾ.
ಇದು ಗಂಗಾವತಿ ಬಸ್ ಸ್ಟ್ಯಾಂಡಿನದು, ಸಂಜೆ ಆರರದು,
ಕಿಟಕಿಯಿಂದ ಸೀಟಿಗೆ ಕರವಸ್ತ್ರ ಎಸೆಯುವವರದು.
ಎರಡೇ ಪದ. ತಾಯಿಯನ್ನೂ ಎಳೆದು ತರುವ,
ಪ್ರಾಸ ತಪ್ಪದ ಎರಡು ಪದ.

ಹೇಳಲು ನಾಚಿಕೆ: ಒಂದು ಕ್ಷಣ ನನಗೆ ಖುಷಿಯಾಯಿತು.
ಪರಸ್ಥಳದಲ್ಲಿ ಊರ ನಾಯಿ ಕಂಡರೂ ನೆಂಟನ ಹಾಗೆ.
ಆಮೇಲೆ ನೋಡಿದೆ, ಅದು ಯಾರ ಮೇಲೆ ಬೊಗಳುತ್ತಿದೆ ಎಂದು.

ಬೂದುಬಕ ೫೮, ಆಟದಲ್ಲಿ ಅವಳ ಹೆಸರು.
ಆರ್‌ಬ್ರೋತ್‌ನಲ್ಲಿ ಮೀನಿಗೆ ಹೊಗೆ ಹಾಕುವ ಕಡೆ ಕೆಲಸ.
ಒಂದು ದ್ವೀಪ ಹಿಡಿದು ಎರಡು ವರ್ಷದಿಂದ
ಬೇರೇನೂ ಮಾಡದೆ ದೀಪಸ್ತಂಭ ಕಟ್ಟುತ್ತಿದ್ದಾಳೆ.
ಐದು ಜನ, ಹನ್ನೊಂದು ರಾತ್ರಿ,
ಅವಳು ಕಲ್ಲಿಟ್ಟಲ್ಲೆಲ್ಲ ಮದ್ದಿಟ್ಟರು.
ಅದಕ್ಕೆ ಅವಳು ದೂರಲಿಲ್ಲ. ಮತ್ತೆ ಕಟ್ಟಿದಳು.

ದೂರಿನಲ್ಲಿ ಬರೆದದ್ದು ಇಷ್ಟೇ:
ಅವನು ಆ ಮಾತು ಅಂದಾಗಲೆಲ್ಲ ಉಳಿದ ನಾಲ್ವರು ನಗುತ್ತಾರೆ.
ಏನೆಂದು ತಿಳಿದಿದ್ದರೆ
ನಾನೂ ನಗಬೇಕೋ ಬೇಡವೋ ಗೊತ್ತಾಗುತ್ತಿತ್ತು.

ಫಾರಂನಲ್ಲಿ ಎರಡು ಕಾಲಂ: ಮೂಲ, ಅರ್ಥ.
ಮೂಲದಲ್ಲಿ ಅಂಟಿಸಿದೆ.
ಅರ್ಥದಲ್ಲಿ ಕರ್ಸರ್ ಮಿಣುಕುತ್ತ ನಿಂತಿತು.

ಹೆಂಗಸಿನ ಅಂಗ, ತಾಯಿಯದು ಎಂದು ಬರೆದೆ. ಅಳಿಸಿದೆ.
ಅದು ಅಂಗವಲ್ಲ.
ಹಿಂದಿನ ಸೀಟಿನಿಂದ ನನ್ನ ಹದಿನಾಲ್ಕರ ಕಿವಿಗೆ ಅದು ಬಿದ್ದ ದಿನ
ಪುಸ್ತಕದ ಚೀಲ ಎದೆಗವಚಿ
ನಾಲ್ಕು ಸ್ಟಾಪು ಮೊದಲೇ ಇಳಿದೆನಲ್ಲ,
ಬಿಸಿಲಲ್ಲಿ ಆ ನಾಲ್ಕು ಸ್ಟಾಪಿನ ನಡಿಗೆ ಅದರ ಅರ್ಥ.
ಕಾಲಂ ಹಿಡಿಯುವುದು ಇನ್ನೂರೇ ಅಕ್ಷರ.

ಅವನ ಖಾತೆ ತೆರೆದೆ. ಹತ್ತೊಂಬತ್ತಂತೆ, ಊರು ಸ್ಲೌ ಅಂತೆ.
ಇಲ್ಲೇ ಹುಟ್ಟಿದವನಿರಬೇಕು.
ಆರು ತಿಂಗಳ ಮಾತು ಜಾಲಾಡಿದರೂ
ಆ ಎರಡು ಬಿಟ್ಟರೆ ಒಂದು ಕನ್ನಡ ಪದ ಇಲ್ಲ.
ನೀರು ಇಲ್ಲ. ಬಾ ಇಲ್ಲ. ಅಜ್ಜಿ ಇಲ್ಲ.
ಯಾವ ಮಾವನೋ ಕಾರು ಓಡಿಸುತ್ತ
ಹಿಂದಿನ ಸೀಟಿನ ಮಗುವಿಗೆ ಬರೆದುಕೊಟ್ಟ ಆಸ್ತಿ,
ಇದೊಂದೇ.

ಪಾಪ ಅನ್ನಿಸಿತೇ? ಅನ್ನಿಸಿತು.
ದೀಪಸ್ತಂಭದ ಕಲ್ಲು ಲೆಕ್ಕ ಹಾಕಿದೆ, ಹೋಯಿತು.

ಫ್ರೇಜರ್ ಗಡಿಯಾರ ತೋರಿಸಿದ.
ಲೈಂಗಿಕ ನಿಂದನೆ, ತೀವ್ರ, ಎಂದು ತುಂಬಿದೆ.
ಅವನಿಗೆ ಮೂವತ್ತು ದಿನ.
ನಕ್ಕವರಿಗೆ ಕಾಲಂ ಇಲ್ಲ.

ಅವಳಿಗೆ ಹೋಗುವ ಉತ್ತರ ಅಚ್ಚು ಹಾಕಿಟ್ಟದ್ದು:
ದೂರಿಗೆ ಧನ್ಯವಾದ, ಸೂಕ್ತ ಕ್ರಮ ಕೈಗೊಂಡಿದ್ದೇವೆ.
ಕೆಳಗೆ ನಾನೊಂದು ಸಾಲು ಸೇರಿಸಿದೆ, ಅನುಮತಿಯಿಲ್ಲದ್ದು:
ನಗಬೇಕಾಗಿಲ್ಲ.

ಬೆಳಗ್ಗೆ ಆರು. ಟೇ ನದಿಯ ಸೇತುವೆ ಮೇಲೆ
ಮೊದಲ ರೈಲು, ಯಾರೂ ಇಲ್ಲದ ಕಿಟಕಿಗಳಿಗೆಲ್ಲ ಬೆಳಕು.
ಬಸ್ ಸ್ಟಾಪಿನಲ್ಲಿ ನಾನೊಬ್ಬಳೇ.
ಆ ಎರಡು ಪದ ಒಮ್ಮೆ ಗಟ್ಟಿಯಾಗಿ ಅಂದೆ.
ಚಳಿಗೆ ಬಾಯಿಂದ ಹೊಗೆ ಬಂತು.
ಆಮೇಲೆ, ನೀರು, ಅಂದೆ.
ಅದಕ್ಕೂ ಅಷ್ಟೇ ಹೊಗೆ.