ನಾಲ್ಕು ಪಾಯಿಂಟ್ ಮೂರು

ಜ್ಞಾನಭಾರತಿ, ಎರಡನೇ ಮಹಡಿಯ ಮೊಗಸಾಲೆ.
ನಮ್ಮ ಬೋರ್ಡಿನ ನಂಬರು ಮೂವತ್ತೇಳು,
ಪಕ್ಕದಲ್ಲೇ ನೀರಿನ ಫಿಲ್ಟರು.
ಓದಲು ಬಂದವರಿಗಿಂತ
ಬಾಯಾರಿ ಬಂದವರೇ ಹೆಚ್ಚು.

ಕಾಗದದ ಪೋಸ್ಟರಿಗೆ ಹೊತ್ತಿರಲಿಲ್ಲ.
ನಿನ್ನೆ ರಾತ್ರಿ ಹತ್ತಕ್ಕೆ ವಿಜಯನಗರದಲ್ಲಿ
ಹುಟ್ಟುಹಬ್ಬದ ಬ್ಯಾನರು ಒತ್ತುವವನು
ಫ್ಲೆಕ್ಸಿನ ಮೇಲೆಯೇ ಒತ್ತಿಕೊಟ್ಟ.
"ಯಾವ ಲೀಡರು ಸಾರ್ ಇದು?" ಅಂದಿದ್ದ,
ಫೋಟೋನೇ ಇಲ್ಲದ್ದು ನೋಡಿ.

ದಪ್ಪಕ್ಷರದಲ್ಲಿ: ಬೀದಿಬದಿಯ ಕೆಲಸಗಾರರ ಯೋಗಕ್ಷೇಮ.
ಕೆಳಗೆ ಆರು ಹೆಸರು. ಕೊನೆಯದು ನನ್ನದು,
ಬಿಸಿಲಲ್ಲಿ ತಿರುಗಿದವನದು.

ಆ ಒಂದು ಪದಕ್ಕೇ ಎರಡು ತಿಂಗಳು ಜಗಳ.
ಸುಖ ಅಂದರೆ ಜನ ನಾಚುತ್ತಾರೆ,
ನೆಮ್ಮದಿ ಅಂದರೆ ನಿಟ್ಟುಸಿರು ಬಿಡುತ್ತಾರೆ,
ಕ್ಷೇಮ ಅಂದರೆ ಹಳೇ ಕಾಗದ ಬರೆದ ಹಾಗೆ,
ಮುಂದಿನ ಸಾಲಿನಲ್ಲಿ ದುಡ್ಡು ಕೇಳುವವರು.
ವಾರಿಜಾ ಮೇಡಂ ಕೊನೆಗೆ ಮೇಜು ಗುದ್ದಿ
ಯೋಗಕ್ಷೇಮ ಅಂದುಬಿಟ್ಟರು.

ಇ-ಇನ್ನೂರ ಹನ್ನೆರಡು.
ಹೆಸರು ಹೇಳುವಂತಿಲ್ಲ,
ಹೆಬ್ಬೆಟ್ಟು ಒತ್ತಿಸಿಕೊಂಡು ಮಾತು ಕೊಟ್ಟಿದ್ದೇನೆ.
ಮೂಡಲಪಾಳ್ಯದ ಹೊಂಗೆಮರದಡಿ ಇಸ್ತ್ರಿ ಗಾಡಿ.
ನಿಮ್ಮ ಬದುಕು ನಿಮಗೆಷ್ಟು ತೃಪ್ತಿ,
ಒಂದರಿಂದ ಏಳರೊಳಗೆ ಹೇಳಿ.
ಯಾರದೋ ಬಿಳಿ ಅಂಗಿಯ ಕಾಲರು ತಿರುವುತ್ತ
"ಇದೀನಲ್ಲ" ಅಂದಳು.
ಅದು ಎಷ್ಟು?
"ಇದೀನಿ ಅಂದ್ನಲ್ಲಪ್ಪ."
ನಂಬರು ಬೇಕಮ್ಮ.
"ಬಟ್ಟೆಗಾದ್ರೆ ಹಾಕ್ತೀನಿ, ಅದಲುಬದಲಾಗಬಾರ್ದು ಅಂತ.
ನನ್ನನ್ನ ಯಾರು ಅದಲುಬದಲು ಮಾಡ್ಕೊಂಡೋಗ್ತಾರೆ?"
ಅಂಗಿ ಮಡಿಸಿಟ್ಟು, "ನಿಂದೆಷ್ಟು?"

ನನ್ನ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
ತೊಂಬತ್ತೊಂಬತ್ತು ಎಂದು ಬರೆದುಕೊಂಡೆ.
ಉತ್ತರವಿಲ್ಲ ಎಂಬುದಕ್ಕೆ ನಮ್ಮ ಗುರುತು.

ಈಗ ಧಾರವಾಡದ ಕಡೆಯ ಹಿರಿಯರೊಬ್ಬರು
ಲೋಟ ತುಂಬಿಸಿಕೊಂಡು, ಕನ್ನಡಕ ಏರಿಸಿ,
"ಉತ್ತರಾ ಕೊಡದವರನ್ನ ಏನ್ ಮಾಡೀರಿ?"
"ಸರಾಸರಿ ತುಂಬಿದ್ದೇವೆ ಸರ್,"
ಅಂದಳು ಲೆಕ್ಕ ಮಾಡಿದ ಲವಿನಾ.
"ಛಲೋ," ನೀರು ಕುಡಿದು ಹೋದರು.

ಹೀಗೆ, ಅವಳಿಗೇ ತಿಳಿಯದ ಹಾಗೆ,
ಫೆಬ್ರವರಿಯಿಂದ ಅವಳು
ನಾಲ್ಕು ಪಾಯಿಂಟ್ ಮೂರರಷ್ಟು ತೃಪ್ತೆ.

ಬಹುಮಾನ ಬರಲಿಲ್ಲ. ಕೇಸರಿಬಾತ್ ಚೆನ್ನಾಗಿತ್ತು.
ಪೋಸ್ಟರು ಸುತ್ತಿಕೊಂಡು ನಾಗರಬಾವಿ ತನಕ ನಿಂತೇ ಬಂದೆ,
ಅದಕ್ಕೂ ಲಗೇಜು ಟಿಕೆಟ್ಟು ಹರಿದ ಕಂಡಕ್ಟರು.
ಮೋಡ ಕಟ್ಟಿತ್ತು.
ಗಾಡಿಯ ಮೇಲಿನ ಟಾರ್ಪಾಲು
ಕಳೆದ ಸಲಕ್ಕಿಂತ ಹೆಚ್ಚು ಹರಿದಿತ್ತು.
"ಏನದು, ಫ್ಲೆಕ್ಸಾ? ಕೆಲಸ ಮುಗೀತಾ ಅದ್ರದ್ದು?"
ಮುಗೀತು, ಅಂದೆ.

ಅಕ್ಷರ ಒಳಮುಖ ಮಾಡಿ
ನಾಲ್ಕು ಮೂಲೆಗೂ ಸೆಣಬು ಕಟ್ಟಿದೆವು.
ತಲೆಯೆತ್ತಿ ನೋಡಿದಳು ಗ್ರಾಫು, ಬಾಣ, ನಮ್ಮ ಆರು ಹೆಸರು.
"ಇದ್ರಲ್ಲಿ ನಾನೆಲ್ಲಿದೀನಿ?"

ಬೆರಳೆತ್ತಿದೆ.
ಎತ್ತಿದ ಬೆರಳು ಎಲ್ಲಿಡುವುದು ತಿಳಿಯಲಿಲ್ಲ.
"ಹೋಗ್ಲಿ ಬಿಡು," ಅಂದಳು,
"ಆ ಮೂಲೆ ಒಸಿ ಬಿಗಿಯಾಗಿ ಎಳಿ,
ನೀರು ನಿಂತ್ಕೊಂತದೆ."